ಎತ್ತುವದು ಬೇರೆ, ಹೊರುವದು ಬೇರೆ

(ಮೋಟಾರಿನ ಪಾಟಾ, ಸ್ಪ್ರಿಂಗುಗಳ ದುರಸ್ತಿಯಲ್ಲಿ ತಿಳಿದಿರಬೇಕಾದ ಎಚ್ಚರಿಕೆಗಳು)

ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಯಲ್ಲಿ ಎತ್ತಿನ ಗಾಡಿಯಿಲ್ಲದ ಒಕ್ಕಲುತನದ ಮನೆಯನ್ನು ಹುಡುಕಿ ನೋಡಬೇಕಾದಂಥ ಕಾಲವೊಂದಿತ್ತು. ನಾನು ಬಾಲಕನಾಗಿದ್ದಾಗ ಕಂಡದ್ದು ಆ ಕಾಲವನ್ನೇ. ಈಗ ಅದೇ ಅಂಗಳಗಳಲ್ಲಿ ಜೀಪು, ಕಾರು, ಟಂಟಂ, ಟ್ರ್ಯಾಕ್ಟರುಗಳು ಬಂದು ನಿಂತಿವೆ. ಕಾಲಕ್ಕೆ ತಕ್ಕಂತೆ ವಾಹನಗಳು ಬದಲಾದದ್ದು ಸಂತೋಷದ ಸಂಗತಿಯೇ. ಆದರೆ ಗಾಡಿಯೊಡನೆ ನಮ್ಮ ಹಿರಿಯರು ಕಲಿತಿದ್ದ ಕೆಲವು ಜಾಣತನಗಳನ್ನೂ ನಾವು ಗಾಡಿಯ ಜತೆಗೇ ಮೂಲೆಗೆ ಹಾಕಿದೆವೋ ಏನೋ ಎಂಬ ಸಂದೇಹವು ನನಗೆ ಆಗಾಗ ಬರುತ್ತದೆ. ಆ ಸಂದೇಹಕ್ಕೆ ಕಾರಣವಾದ ಒಂದು ಪ್ರಸಂಗವನ್ನು ಮೊದಲು ಹೇಳಿ, ಅನಂತರ ವಿಷಯಕ್ಕೆ ಬರುವೆನು.

ಕೆಲವು ವರ್ಷಗಳ ಹಿಂದೆ ಶ್ರಾವಣಮಾಸದಲ್ಲಿ ನಮ್ಮ ಬಂಧುಗಳ ಮನೆಯ ತೊಟ್ಟಿಲ ಕಾರ್ಯಕ್ಕಾಗಿ ಸಿಂದಗಿಯಿಂದ ಇಂಡಿಯ ಕಡೆಗೆ ಹಳೆಯ ಜೀಪಿನಲ್ಲಿ ಹೊರಟಿದ್ದೆವು. ಜೀಪನ್ನು ನಡೆಸುತ್ತಿದ್ದವನು ನನ್ನ ಹಳೆಯ ವಿದ್ಯಾರ್ಥಿ. ಗ್ಯಾರೇಜಿನಲ್ಲಿ ಕೆಲಸ ಕಲಿತು ಕೈ ಪಳಗಿಸಿಕೊಂಡಿದ್ದ ಹುಡುಗ. ಅರ್ಧ ದಾರಿಯಲ್ಲಿ ಹಿಂದಿನ ಬಲಗಡೆಯ ಪಾಟಾ ಸಡಿಲಾಗಿ ಸದ್ದು ಮಾಡಹತ್ತಿತು. ಅವನು ಜೀಪನ್ನು ದಾರಿಯ ಅಂಚಿಗೆ ನಿಲ್ಲಿಸಿ, ಚೇಸಿಯ ಕೆಳಗೆ ಜ್ಯಾಕು ಕೊಟ್ಟು ಎತ್ತಿ, ಗಾಲಿಯನ್ನು ಬಿಚ್ಚಿ ಬದಿಗಿಟ್ಟನು. ಹಿಂದಿನ ರಾತ್ರಿ ಮಳೆಯಾಗಿತ್ತು, ನೆಲವೆಲ್ಲ ಎರೆಮಣ್ಣು. ಕೆಸರಿಗೆ ಅಂಜಿ ನಮ್ಮ ಮನೆಯ ಹಿರಿಯಜ್ಜಿಯೂ ಎರಡು ಮಕ್ಕಳೂ ಜೀಪಿನಿಂದ ಇಳಿದಿರಲಿಲ್ಲ. ಅವರನ್ನು ಇಳಿಸಬೇಕೆಂಬ ಬುದ್ಧಿಯು ನನಗೂ ಹೊಳೆಯಲಿಲ್ಲ. ಈ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಅಷ್ಟರಲ್ಲಿ ಹೊಲದಿಂದ ಬರುತ್ತಿದ್ದ ಮುದುಕನೊಬ್ಬನು ನಿಂತು ನೋಡಿ, “ತಮ್ಮಾ, ಆನಿಕಿ ಕೊಟ್ಟಿಯೇನು?” ಎಂದು ಕೇಳಿದನು. ಹುಡುಗನು ನಕ್ಕು, “ಅಂಜಬ್ಯಾಡ್ರಿ ಯಜ್ಜಾ, ಜ್ಯಾಕ್ ಗಟ್ಟಿ ಐತಿ” ಎಂದನು. ಮುದುಕನು ಮತ್ತೆ ಮಾತಾಡಲಿಲ್ಲ. ಬಿಚ್ಚಿಟ್ಟಿದ್ದ ಗಾಲಿಯನ್ನು ತಾನೇ ಉರುಳಿಸಿ ತಂದು, ಜ್ಯಾಕಿನ ಪಕ್ಕದಲ್ಲಿ ಚೇಸಿಯ ಕೆಳಗೆ ಅಡ್ಡಲಾಗಿ ಮಲಗಿಸಿದನು. ಹುಡುಗನು ಹೆಗಲವರೆಗೆ ಒಳಗೆ ನುಗ್ಗಿ ಬೋಲ್ಟಿಗೆ ಪಾನಾ ಹಾಕಿ ಎಳೆದದ್ದಕ್ಕೂ, ಒಳಗಿದ್ದ ಮಗುವೊಂದು ಈ ಬದಿಗೆ ಸರಿದು ಕುಳಿತದ್ದಕ್ಕೂ ಸರಿಹೋಯಿತು. ಜ್ಯಾಕು ಮಣ್ಣಿನಲ್ಲಿ ಓರೆಯಾಗಿ ಜಾರಿ, ಜೀಪು ದಡ್ಡೆಂದು ಕೆಳಗಿಳಿದು ಆ ಗಾಲಿಯ ಮೇಲೆ ಕುಳಿತಿತು. ಹುಡುಗನ ಅಂಗಿಯ ತೋಳು ಹರಿದದ್ದು ಬಿಟ್ಟರೆ ಮತ್ತೇನೂ ಆಗಲಿಲ್ಲ. ಗಾಲಿಯು ಅಲ್ಲಿ ಇಲ್ಲದಿದ್ದರೆ ಏನಾಗುತ್ತಿತ್ತೆಂಬದನ್ನು ಬರೆಯಲು ನನ್ನ ಕೈ ಏಳುವದಿಲ್ಲ. ಮುದುಕನು, “ಗಾಡಿಗೆ ಕೀಲೆಣ್ಣಿ ಹಾಕೂ ಮುಂದ ಆನಿಕಿ ಕೊಡದ ನಾವು ಕೈ ಹಾಕತಿದ್ದಿಲ್ರೀ” ಎಂದಷ್ಟೇ ಹೇಳಿ ತನ್ನ ದಾರಿ ಹಿಡಿದನು.

ಅಂದು ನಾನು ಕಲಿತ ಪಾಠವು ಇಷ್ಟೇ: ಎತ್ತುವದು ಬೇರೆ, ಹೊರುವದು ಬೇರೆ. ಸಂಸ್ಕೃತದಲ್ಲಿ ಮೇಲಕ್ಕೆತ್ತುವದಕ್ಕೆ ಉದ್ಧರಣವೆಂದೂ, ಎತ್ತಿದ್ದನ್ನು ತಾಳಿ ಹಿಡಿಯುವದಕ್ಕೆ ಧಾರಣವೆಂದೂ ಹೆಸರು. ಇವೆರಡೂ ಬೇರೆ ಬೇರೆ ಧಾತುಗಳಿಂದ ಹುಟ್ಟಿದ ಶಬ್ದಗಳು. ಜ್ಯಾಕಿನ ಕೆಲಸವು ಉದ್ಧರಣವೇ ಹೊರತು ಧಾರಣವಲ್ಲ. ಮೋಟಾರಿನ ಕೆಳಗಣ ದುರಸ್ತಿಯಲ್ಲಿ ಆಗುವ ಘೋರ ಅನಾಹುತಗಳಲ್ಲಿ ಅನೇಕವು ಈ ಭೇದವನ್ನು ಮರೆಯುವದರಿಂದಲೇ ಆಗುತ್ತವೆ.

ಇನ್ನು ವಿಷಯಕ್ಕೆ ಬರೋಣ. ರಥಕ್ಕಾಗಲಿ ಎತ್ತಿನ ಗಾಡಿಗಾಗಲಿ ಅಕ್ಷವೆಂಬ ಅಚ್ಚು, ನಾಭಿಯೆಂಬ ಗುಂಬ, ಅರಗಳೆಂಬ ಕಡ್ಡಿಗಳು, ನೇಮಿಯೆಂಬ ಹೊರವಟ್ಟು ಇವೇ ಮುಖ್ಯ ಅಂಗಗಳು. ನಮ್ಮ ಗಾಡಿಗಳಲ್ಲಿ ಅಚ್ಚಿಗೂ ಮೇಲಿನ ಚೌಕಟ್ಟಿಗೂ ನಡುವೆ ಮೆತ್ತನೆಯ ವಸ್ತುವೇನೂ ಇಲ್ಲದ್ದರಿಂದ ದಾರಿಯ ಪ್ರತಿಯೊಂದು ಕಲ್ಲೂ ಕುಳಿತವನ ಬೆನ್ನಿಗೆ ತಾಕುತ್ತಿತ್ತು. ಮೋಟಾರಿನಲ್ಲಿ ಆ ನಡುವಣ ಸ್ಥಳದಲ್ಲಿ ಉಕ್ಕಿನ ಸ್ಪ್ರಿಂಗುಗಳನ್ನು ಇಟ್ಟಿರುತ್ತಾರೆ. ಕೆಲವು ವಾಹನಗಳಲ್ಲಿ ಇದು ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳ ಅಟ್ಟಿಯಾಗಿರುವದು. ಇದನ್ನೇ ನಮ್ಮ ಕಡೆ ಕಮಾನು ಪಾಟಾ ಎನ್ನುವರು. 1950ರ ದಶಕದ ಕೊನೆಯಿಂದ 2014ರ ವರೆಗೆ ತಯಾರಾದ ಅಂಬಾಸಡರ್ ಕಾರಿಗೆ ಹಿಂದುಗಡೆ ಇಂಥ ಪಾಟಾಗಳಿದ್ದವು. ಟ್ರಕ್ಕುಗಳಲ್ಲಿ ಈಗಲೂ ಇವೆ. ಇನ್ನು ಕೆಲವದರಲ್ಲಿ ಸುರುಳಿಯಾಕಾರದ ಸ್ಪ್ರಿಂಗು ಇರುವದು. 1983ರಲ್ಲಿ ಬಂದ ಮಾರುತಿ 800 ಕಾರಿನ ಮುಂಭಾಗದಲ್ಲಿ ಈ ಸುರುಳಿಯೂ ಶಾಕ್ ಅಬ್ಸಾರ್ಬರೂ ಒಂದೇ ಕಂಬದಲ್ಲಿ ಕೂಡಿಕೊಂಡಿದ್ದವು. ಈ ರಚನೆಯನ್ನು 1940ರ ದಶಕದಲ್ಲಿ ರೂಪಿಸಿದವನು ಅಮೇರಿಕೆಯ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್. ಇಂದಿನ ಸಣ್ಣ ಕಾರುಗಳಲ್ಲಿ ಬಹುತೇಕ ಇದೇ ಕ್ರಮವಿದೆ. ಸ್ಪ್ರಿಂಗು ದಾರಿಯ ಪೆಟ್ಟನ್ನು ನುಂಗುತ್ತದೆ; ಶಾಕ್ ಅಬ್ಸಾರ್ಬರು ಸ್ಪ್ರಿಂಗಿನ ಕುಣಿತವನ್ನು ಅಡಗಿಸುತ್ತದೆ.

ನಮ್ಮ ಸೀಮೆಯಲ್ಲಿ ಇವುಗಳಿಗೆ ದಣಿವು ಹೆಚ್ಚು. ಭೀಮೆಗೂ ಕೃಷ್ಣೆಗೂ ನಡುವೆ, ಡೋಣಿಯ ಎರಡೂ ದಂಡೆಗೆ, ನಮ್ಮದು ಬಹುಮಟ್ಟಿಗೆ ಎರೆಭೂಮಿ. ಎರೆಮಣ್ಣು ಮಳೆಗೆ ಉಬ್ಬುವದು, ಬೇಸಿಗೆಗೆ ಕುಗ್ಗಿ ಬಿರಿಯುವದು. ಅದರ ಮೇಲೆ ಹಾಕಿದ ರಸ್ತೆಯೂ ಅದರೊಡನೆ ಏರಿಳಿಯುವದರಿಂದ ಡಾಂಬರು ಅಲೆಯಲೆಯಾಗುತ್ತದೆ. ಸುಗ್ಗಿಯಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಅದೇ ದಾರಿಯಲ್ಲಿ ಓಡಾಡಬೇಕು. ಆದದ್ದರಿಂದ ಪಾಟಾ ಮುರಿಯುವದು, ಬುಶ್ಶು ಸವೆಯುವದು, ಶಾಕ್ ಅಬ್ಸಾರ್ಬರು ಎಣ್ಣೆ ಸೋರುವದು ನಮಗೆ ನಿತ್ಯದ ಮಾತಾಗಿದೆ. ದುರಸ್ತಿಯೂ ಅನೇಕ ವೇಳೆ ದಾರಿಯ ಮಗ್ಗುಲಲ್ಲಿ, ಬೇವಿನ ನೆರಳಿನಲ್ಲಿ, ಮಣ್ಣಿನ ನೆಲದ ಮೇಲೆಯೇ ನಡೆಯುತ್ತದೆ. ಅಲ್ಲಿ ಕಾದುಕೊಂಡಿರುವ ಅಪಾಯಗಳು ಮುಖ್ಯವಾಗಿ ನಾಲ್ಕು.

ಮೊದಲನೆಯದು ಭಾರದ ಅಪಾಯ. ಅತಿ ಸಣ್ಣದೆನಿಸಿದ ಮಾರುತಿ 800 ಕಾರೇ ಸುಮಾರು 650 ಕಿಲೋ ತೂಗುತ್ತಿತ್ತು. ಜೀಪಿನ ಜಾತಿಯ ವಾಹನಗಳು ಅದರ ಇಮ್ಮಡಿಗೂ ಮಿಕ್ಕಿ ತೂಗುತ್ತವೆ. ಎಣ್ಣೆಯ ಜ್ಯಾಕು ಫ್ರಾನ್ಸಿನ ಪಂಡಿತ ಪ್ಯಾಸ್ಕಲನು (1623–1662) ಕಂಡುಹಿಡಿದ ನಿಯಮದಂತೆ ಕೆಲಸ ಮಾಡುವದು: ಮುಚ್ಚಿದ ಪಾತ್ರೆಯ ದ್ರವದಲ್ಲಿ ಒಂದೆಡೆ ಒತ್ತಿದರೆ ಒತ್ತಡವು ಎಲ್ಲ ಕಡೆಗೂ ಸಮವಾಗಿ ಹರಡುವದು. ಅದರಿಂದಲೇ ಬಾಲಕನ ಕೈಯೂ ಟನ್ನನ್ನು ಎತ್ತಬಲ್ಲದು. ಆದರೆ ಆ ಟನ್ನು ಮೇಲೆ ನಿಂತಿರುವದು ಒಳಗಿನ ಒಂದು ಚಿಕ್ಕ ರಬ್ಬರಿನ ಸೀಲಿನ ಆಧಾರದ ಮೇಲೆ. ಅದು ಸವೆದಿದ್ದರೆ ಮುನ್ಸೂಚನೆಯಿಲ್ಲದೆ ಕುಸಿಯುವದು. ತಿರುಪಿನ ಜ್ಯಾಕಿಗೆ ಈ ದೋಷವಿಲ್ಲದಿದ್ದರೂ ಅದರ ಪಾದವು ಇಕ್ಕಟ್ಟು. ಸ್ವಲ್ಪ ಓರೆಯಾದರೂ ಉರುಳುವದು.

ಆದ್ದರಿಂದ ವಾಹನವನ್ನು ಗಟ್ಟಿ, ಸಮತಟ್ಟಾದ ನೆಲದ ಮೇಲೆ ನಿಲ್ಲಿಸುವದು ಪ್ರಥಮ ಕರ್ತವ್ಯ. ಮೆತ್ತನೆಯ ನೆಲವು ಅನಿವಾರ್ಯವಾದರೆ ಜ್ಯಾಕಿನ ಕೆಳಗೆ ಅಗಲವಾದ ದಪ್ಪ ಹಲಗೆಯನ್ನು ಇಡತಕ್ಕದ್ದು. ನೆಲದ ಮೇಲೆ ಉಳಿಯುವ ಗಾಲಿಗಳಿಗೆ ಹಿಂದೆ ಮುಂದೆ ತಡೆ ಕೊಡಲೇಬೇಕು. ಇಲ್ಲೊಂದು ಸೂಕ್ಷ್ಮವನ್ನು ಬಹಳ ಜನರು ಅರಿಯರು. ಕೈಬ್ರೇಕು ಸಾಮಾನ್ಯವಾಗಿ ಹಿಂದಿನ ಎರಡು ಗಾಲಿಗಳನ್ನು ಮಾತ್ರ ಹಿಡಿಯುವದು. ಹಿಂಭಾಗವನ್ನೇ ಎತ್ತಿದಾಗ ಆ ಬ್ರೇಕು ಎಳೆದದ್ದೂ ಎಳೆಯದ್ದೂ ಒಂದೇ. ಎತ್ತಿದ ಕೂಡಲೆ ಚೇಸಿಯ ಗಟ್ಟಿಯಾದ ಭಾಗದ ಕೆಳಗೆ ಕಬ್ಬಿಣದ ಸ್ಟ್ಯಾಂಡುಗಳನ್ನು ನಿಲ್ಲಿಸಿ, ಜ್ಯಾಕನ್ನು ಇಳಿಸಿ ಭಾರವನ್ನು ಅವುಗಳ ಮೇಲೆ ಬಿಟ್ಟು, ವಾಹನವನ್ನು ಕೈಯಿಂದ ಅಲುಗಿಸಿ ನೋಡಿ, ಆ ಬಳಿಕವೇ ಕೈ ಹಾಕತಕ್ಕದ್ದು. ಇಟ್ಟಿಗೆ, ಸಿಮೆಂಟಿನ ಪೊಳ್ಳು ಕಲ್ಲು, ಹಾಸುಗಲ್ಲಿನ ಚೂರುಗಳು ಆನಿಕೆಗೆ ಎಷ್ಟು ಮಾತ್ರಕ್ಕೂ ಯೋಗ್ಯವಲ್ಲ. ಅವು ಬಾಗುವದಿಲ್ಲ, ಒಮ್ಮೆಲೆ ಒಡೆಯುತ್ತವೆ. ಬಿಚ್ಚಿದ ಗಾಲಿಯನ್ನು ಕೆಳಗೆ ಮಲಗಿಸುವದು ಎರಡನೆಯ ಕಾವಲೆಂದು ಉತ್ತಮವೇ. ಆದರೆ ಅದು ಸ್ಟ್ಯಾಂಡಿಗೆ ಬದಲಲ್ಲ. ದಾರಿಯಲ್ಲಿ ಸ್ಟ್ಯಾಂಡು ಇಲ್ಲದಿದ್ದರೆ ಕೆಳಗೆ ನುಗ್ಗುವದನ್ನೇ ಬಿಟ್ಟು, ಮಿಸ್ತ್ರಿಯನ್ನು ಕರೆತರುವದೇ ವಿವೇಕ. ಒಂದು ಕಾರ್ಯಕ್ಕೆ ಎರಡು ತಾಸು ತಡವಾದರೆ ಯಾರ ಮನೆಯೂ ಮುಳುಗುವದಿಲ್ಲ.

ಎರಡನೆಯದು ಸ್ಪ್ರಿಂಗಿನೊಳಗೆ ಅಡಗಿರುವ ಶಕ್ತಿಯ ಅಪಾಯ. ಇದು ಕಣ್ಣಿಗೆ ಕಾಣದ ಶತ್ರು. ಸ್ಪ್ರಿಂಗನ್ನು ಎಷ್ಟು ಒತ್ತುವೆವೋ ಅಷ್ಟೇ ಪ್ರಮಾಣದಲ್ಲಿ ಅದು ತಿರುಗಿ ನೂಕುವದೆಂಬ ನಿಯಮವನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ಕನು 1678ರಲ್ಲಿ ಪ್ರಕಟಿಸಿದನು. ಶಾಲೆಯ ಲೆಕ್ಕದಂತೆ ಒಂದು ಉದಾಹರಣೆಯನ್ನು ಮಾಡಿ ನೋಡೋಣ. ಒಂದು ಸೆಂಟಿಮೀಟರು ಒತ್ತಲು 25 ಕಿಲೋ ಭಾರ ಬೇಕಾಗುವ ಸ್ಪ್ರಿಂಗನ್ನು 20 ಸೆಂಟಿಮೀಟರು ಒತ್ತಿದ್ದೇವೆಂದು ಇಟ್ಟುಕೊಳ್ಳಿರಿ. ಕೊನೆಗೆ ಅದು 500 ಕಿಲೋ ಬಲದಿಂದ ನೂಕುತ್ತಿರುವದು. ಅದರೊಳಗೆ ಸಂಗ್ರಹವಾದ ಶಕ್ತಿಯು 50 ಕಿಲೋ ಸಿಮೆಂಟಿನ ಚೀಲವು ಒಂದು ಮೀಟರು ಎತ್ತರದಿಂದ ಬಿದ್ದಾಗಿನ ಶಕ್ತಿಗೆ ಸಮಾನ. ಚೀಲವಾದರೋ ಮೆತ್ತಗಿನದು, ಸ್ಪ್ರಿಂಗು ಉಕ್ಕಿನದು, ಅದೂ ಕಣ್ಣೆವೆಯಿಕ್ಕುವಷ್ಟರಲ್ಲಿ ಹಾರುವಂಥದು. ಮಿಸ್ತ್ರಿಯ ಮುಖವು ಅದಕ್ಕೆ ಒಂದು ಮೊಳದ ದೂರದಲ್ಲಿರುವದು.

ಮ್ಯಾಕ್‌ಫರ್ಸನ್ ಮಾದರಿಯ ಕಂಬದ ತುದಿಯಲ್ಲಿ ಒಂದು ನಟ್ಟು ಇರುತ್ತದೆ. ಈ ಎಲ್ಲ ಶಕ್ತಿಯನ್ನು ಕಟ್ಟಿಹಾಕಿರುವದು ಆ ನಟ್ಟೇ. ಸ್ಪ್ರಿಂಗನ್ನು ಒತ್ತುವ ಸಾಧನದಿಂದ ಮೊದಲು ಅದನ್ನು ಬಿಗಿಮಾಡಿ, ಮೇಲಿನ ತಟ್ಟೆಯ ಮೇಲೆ ಒತ್ತಡವು ಉಳಿದಿಲ್ಲವೆಂದು ಖಾತ್ರಿ ಮಾಡಿಕೊಂಡ ಬಳಿಕವೇ ಆ ನಟ್ಟನ್ನು ಸಡಿಲಿಸತಕ್ಕದ್ದು. ಸಾಧನದ ಕೊಕ್ಕೆಗಳು ಎದುರುಬದುರಾಗಿರಬೇಕು. ಎರಡನ್ನೂ ಸ್ವಲ್ಪ ಸ್ವಲ್ಪವಾಗಿ ಸಮನಾಗಿ ತಿರುಗಿಸಬೇಕು. ತಂತಿ, ಹಗ್ಗ, ಸರಪಳಿಗಳಿಂದ ಸ್ಪ್ರಿಂಗನ್ನು ಬಿಗಿದು ಕೆಲಸ ಸಾಗಿಸುವದು ಕೆಲವೆಡೆ ಜಾಣತನವೆಂದು ಎನಿಸಿಕೊಂಡಿದೆ; ಅದು ಜಾಣತನವಲ್ಲ, ಸಾಹಸವೂ ಅಲ್ಲ, ಶುದ್ಧ ಅವಿವೇಕ. ಒತ್ತಿದ ಸ್ಪ್ರಿಂಗಿನ ತುದಿಗೆ ಎದುರಾಗಿ ಎಂದೂ ನಿಲ್ಲಬಾರದು, ಇತರರನ್ನೂ ನಿಲ್ಲಗೊಡಬಾರದು. ಪಾಟಾದ ಸಂಗತಿಯೂ ಹೀಗೆಯೇ. ಪಟ್ಟಿಗಳ ನಡುವಣ ಬೋಲ್ಟನ್ನು ಬಿಚ್ಚುವ ಮೊದಲು ಅಟ್ಟಿಯನ್ನು ಶಿಕಂಜಿಯಲ್ಲಿ ಭದ್ರವಾಗಿ ಹಿಡಿಯಬೇಕು. ಇಲ್ಲದಿದ್ದರೆ ಪಟ್ಟಿಗಳು ಒಮ್ಮೆಲೆ ಸಿಡಿದು ಬೇರೆಯಾಗುವವು. ಪಾಟಾವನ್ನು ಕಳಚಿದಾಗ ಅಚ್ಚು ತನ್ನ ಆಧಾರವನ್ನು ಕಳೆದುಕೊಳ್ಳುವದರಿಂದ ಅದಕ್ಕೂ ಪ್ರತ್ಯೇಕವಾಗಿ ಆನಿಕೆಯನ್ನು ಕೊಡಬೇಕಾಗುವದು.

ಮೂರನೆಯದು ಬೆಂಕಿ, ಅನಿಲ ಮತ್ತು ಸಿಡಿತದ ಅಪಾಯ. ಈಗಿನ ಅನೇಕ ಶಾಕ್ ಅಬ್ಸಾರ್ಬರುಗಳಲ್ಲಿ ಎಣ್ಣೆಯ ಜತೆಗೆ ನೈಟ್ರೋಜನ್ ಅನಿಲವನ್ನೂ ತುಂಬಿರುತ್ತಾರೆ. ಕಾರಿನ ಟಾಯರಿನಲ್ಲಿರುವದು ವಾಯುಮಂಡಲದ ಸುಮಾರು ಎರಡು ಪಟ್ಟು ಒತ್ತಡ. ಕೆಲವು ಜಾತಿಯ ಶಾಕ್ ಅಬ್ಸಾರ್ಬರುಗಳಲ್ಲಿ ಇಪ್ಪತ್ತು ಪಟ್ಟಿಗೂ ಮೇಲೆ ಇರುವದು. ಆದದ್ದರಿಂದ ಹಳೆಯ ಶಾಕ್ ಅಬ್ಸಾರ್ಬರನ್ನು ಕತ್ತರಿಸುವದು, ತೂತು ಕೊರೆಯುವದು, ಬೆಂಕಿಗೆ ಹಾಕುವದು ಸರ್ವಥಾ ಸಲ್ಲದು. ಜಂಗು ಹಿಡಿದ ಬೋಲ್ಟನ್ನು ಗ್ಯಾಸಿನ ಉರಿಯಿಂದ ಕಾಸುವಾಗ ರಬ್ಬರಿನ ಬುಶ್ಶು, ಬ್ರೇಕಿನ ನಳಿಗೆ, ಪೆಟ್ರೋಲಿನ ಟಾಕಿ ಇವು ಎಷ್ಟು ಹತ್ತಿರದಲ್ಲಿವೆ ಎಂಬದನ್ನು ನೋಡಿಕೊಳ್ಳಬೇಕು. ಗಟ್ಟಿ ಉಕ್ಕಿಗೆ ಗಟ್ಟಿ ಉಕ್ಕಿನ ಸುತ್ತಿಗೆಯಿಂದ ಹೊಡೆದರೆ ಚೂರುಗಳು ಸಿಡಿದು ಕಣ್ಣಿಗೆ ನಾಟುವದುಂಟು. ಹೋದ ಕಣ್ಣು ಯಾವ ಅಂಗಡಿಯಲ್ಲಿಯೂ ದೊರೆಯಲಾರದು. ಕಣ್ಣಿಗೆ ಹಾಕುವ ಕನ್ನಡಕವಾದರೋ ಅಲ್ಪ ಬೆಲೆಗೆ ದೊರೆಯುವದು.

ನಾಲ್ಕನೆಯದು ದುರಸ್ತಿಯು ಮುಗಿದ ಮೇಲಿನ ಅಪಾಯ. ಇದು ಮಿಸ್ತ್ರಿಗಲ್ಲ, ಕಾರಿನಲ್ಲಿ ಕೂಡ್ರುವ ಕುಟುಂಬಕ್ಕೆ. ಗಾಡಿಯ ಅಚ್ಚಿನ ತುದಿಗೆ ಇರುವ ಬೆರಳಷ್ಟು ಉದ್ದದ ಕಡೆಗೀಲು ಬಿದ್ದುಹೋದರೆ ಗಾಲಿಯೇ ಕಳಚುತ್ತಿತ್ತು. ಮೋಟಾರಿನಲ್ಲಿ ಆ ಸ್ಥಾನವು ಅರ್ಧ ಬಿಗಿದ ನಟ್ಟಿಗೆ, ಹಾಕಲು ಮರೆತ ಕಾಟರ್ ಪಿನ್ನಿಗೆ ಸಲ್ಲುತ್ತದೆ. ಆದದ್ದರಿಂದ ಗಾಲಿಯ ನಟ್ಟುಗಳನ್ನು ಎದುರುಬದುರು ಕ್ರಮದಲ್ಲಿ ಬಿಗಿದು, ವಾಹನವನ್ನು ಇಳಿಸಿದ ಬಳಿಕ ಮತ್ತೊಮ್ಮೆ ಬಿಗಿಯಬೇಕು. ಬ್ರೇಕನ್ನು ನಾಲ್ಕಾರು ಸಲ ತುಳಿದು ಸರಿಯಾಗಿ ಹಿಡಿಯುತ್ತದೆಂದು ತಿಳಿದ ಮೇಲೆಯೇ ಹೊರಡಬೇಕು. ಮೊದಲು ಮೆಲ್ಲನೆ ನಡೆಸಿ, ಸ್ವಲ್ಪ ದೂರದ ಮೇಲೆ ನಿಂತು ನಟ್ಟುಗಳನ್ನು ಪುನಃ ಪರೀಕ್ಷಿಸಬೇಕು. ಮುಂದಿನ ಸ್ಪ್ರಿಂಗುಗಳ ಕೆಲಸವಾಗಿದ್ದರೆ ಗಾಲಿಗಳ ನೇರವನ್ನೂ ಯಂತ್ರದಿಂದ ನೋಡಿಸತಕ್ಕದ್ದು.

ಇನ್ನು ಶಿಕ್ಷಕನಾಗಿ ಒಂದು ಮಾತು ಹೇಳದಿರಲಾರೆ. ಹಾಜರಿ ಪುಸ್ತಕದಲ್ಲಿ ಎಷ್ಟೋ ಹೆಸರುಗಳ ಮುಂದೆ ನಾನು ಗೈರುಹಾಜರಿಯ ಗುರುತು ಹಾಕಿ, ತಿಂಗಳ ಮೇಲೆ ಅದೇ ಹುಡುಗನನ್ನು ಯಾವುದೋ ಗ್ಯಾರೇಜಿನಲ್ಲಿ ಎಣ್ಣೆಯ ಮೈಯಿಂದ ಕಂಡಿದ್ದೇನೆ. ದೇಹವು ಚಿಕ್ಕದೆಂದು ಇಕ್ಕಟ್ಟಿನ ಸ್ಥಳಕ್ಕೆ ಅವನನ್ನೇ ನುಗ್ಗಿಸುವರು. 1986ರ ಬಾಲಕಾರ್ಮಿಕ ಕಾಯಿದೆಯು 2016ರಲ್ಲಿ ತಿದ್ದುಪಡಿಯಾಗಿದ್ದು, 14 ವರ್ಷ ತುಂಬದ ಮಕ್ಕಳನ್ನು ಇಂಥ ಕೂಲಿಗೆ ಇಟ್ಟುಕೊಳ್ಳುವದು ದಂಡನಾರ್ಹ ಅಪರಾಧವಾಗಿದೆ. ಆದರೆ ಕಾಯಿದೆಗಿಂತ ಮೊದಲು ತಾಯಿತಂದೆಗಳ ಮನಸ್ಸು ಎಚ್ಚರವಾಗಬೇಕು. ಯಂತ್ರದ ಕೆಲಸವು ಹೀನವಲ್ಲ. ಅದು ಬುದ್ಧಿಯೂ ಕೈಯೂ ಕೂಡಿ ಮಾಡುವ ಗೌರವದ ಉದ್ಯೋಗ. ಹುಡುಗನಿಗೆ ಅದರಲ್ಲಿ ಆಸೆಯಿದ್ದರೆ ಹತ್ತನೆಯ ತರಗತಿಯನ್ನು ಮುಗಿಸಿ, ಐ.ಟಿ.ಐ.ಯಲ್ಲಿ ಎರಡು ವರ್ಷದ ಮೋಟಾರು ಮೆಕ್ಯಾನಿಕ್ ಶಿಕ್ಷಣವನ್ನು ಪಡೆಯಲಿ. ಪ್ಯಾಸ್ಕಲನ ನಿಯಮವನ್ನೂ ಹುಕ್ಕನ ನಿಯಮವನ್ನೂ ತಿಳಿದ ಕೈಗೆ ಪಾನಾ ಹೆಚ್ಚು ಶೋಭಿಸುವದು.

ಮನೆಯವರ ಕರ್ತವ್ಯವು ಸ್ವಲ್ಪವೇ. ಆದರೆ ಪ್ರಾಣವನ್ನು ಕಾಯುವಂಥದು. ವಾಹನವನ್ನು ಎತ್ತುವ ಮೊದಲು ಅಜ್ಜಿಯಿಂದ ಮೊದಲಾಗಿ ಮಗುವಿನ ವರೆಗೆ ಎಲ್ಲರೂ ಇಳಿದು ದೂರ ನಿಲ್ಲಬೇಕು. ಚಾವಿಯು ಮಕ್ಕಳ ಕೈಗೆ ಸಿಗದಂತೆ ದುರಸ್ತಿ ಮಾಡುವವನ ಕಿಸೆಯಲ್ಲಿರಲಿ. ಮನೆಯ ಅಂಗಳದಲ್ಲಿ ಕೆಲಸ ನಡೆದಿದ್ದರೆ ಒಬ್ಬರು ಸಮೀಪದಲ್ಲಿರಲಿ. ಒಂಟಿಯಾಗಿ ಯಾರೂ ವಾಹನದ ಕೆಳಗೆ ಹೋಗಬಾರದು. ದೈವವಶಾತ್ ಯಾರಾದರೂ ಸಿಕ್ಕಿಬಿದ್ದರೆ ಅವರನ್ನು ಎಳೆದಾಡಬೇಡಿರಿ. ಕೂಡಲೆ 108ಕ್ಕೆ ಕರೆಮಾಡಿ, ಬೇರೊಂದು ಜ್ಯಾಕಿನಿಂದ ಮೆಲ್ಲನೆ ಎತ್ತಿ, ಎತ್ತಿದಷ್ಟಕ್ಕೂ ಆನಿಕೆ ಕೊಡುತ್ತ ಬಿಡಿಸಬೇಕು. ಗಾಬರಿಯಲ್ಲಿ ಮತ್ತೊಬ್ಬನು ಕೆಳಗೆ ನುಗ್ಗಿದರೆ ಒಂದು ಅನಾಹುತವು ಎರಡಾಗುವದು. “ಸ್ಟ್ಯಾಂಡು ಇಟ್ಟೀರೇನು?” ಎಂಬ ಒಂದು ಪ್ರಶ್ನೆಯನ್ನು ಮನೆಯ ಹೆಣ್ಣುಮಕ್ಕಳು ಕೇಳಲು ಸಂಕೋಚಪಡಬಾರದು. ಆ ಪ್ರಶ್ನೆಗೆ ಯಂತ್ರಶಾಸ್ತ್ರದ ಪಾಂಡಿತ್ಯವು ಬೇಕಿಲ್ಲ. ಗಾಡಿಯ ಕಾಲದ ಆ ಮುದುಕನೂ ಕೇಳಿದ್ದು ಅದನ್ನೇ.

ಆ ನನ್ನ ವಿದ್ಯಾರ್ಥಿಯು ಈಗ ಸ್ವಂತದ ಗ್ಯಾರೇಜು ಇಟ್ಟಿದ್ದಾನೆ. ಪೂಜೆಗೆ ನನ್ನನ್ನು ಕರೆದಿದ್ದನು. ಒಳಗೆ ಹೋಗಿ ನೋಡಿದರೆ ಗೋಡೆಗೆ ಬಣ್ಣವಿಲ್ಲ, ಬಾಗಿಲಿಗೆ ಇನ್ನೂ ಬೋರ್ಡು ಬಂದಿಲ್ಲ. ಆದರೆ ಮೂಲೆಯಲ್ಲಿ ನಾಲ್ಕು ಹೊಸ ಕಬ್ಬಿಣದ ಸ್ಟ್ಯಾಂಡುಗಳು ಕುಂಕುಮ ಹಚ್ಚಿಸಿಕೊಂಡು ನಿಂತಿದ್ದವು. “ಮೊದಲ ಇವನ್ನ ತಂದೆರೀ ಗುರುಗಳ, ಬೋರ್ಡು ಆಮ್ಯಾಗ ಆದೀತು” ಎಂದನು. ನಾನು ಇಷ್ಟು ವರ್ಷ ಕಲಿಸಿದ ಪಾಠಗಳಲ್ಲಿ ಅವನು ಎಷ್ಟನ್ನು ನೆನಪಿಟ್ಟಿರುವನೋ ಅರಿಯೆ. ಆ ಎರೆಹೊಲದ ಮುದುಕನು ಕಲಿಸಿದ ಪಾಠವನ್ನಂತೂ ಮರೆತಿಲ್ಲ. ಓದುಗರೂ ಮರೆಯದಿರಲೆಂದು ಇಷ್ಟು ಬರೆದೆನು.